ತೆರೆಯದೆ ಉಳಿಸಿದ ಐದು ಸುತ್ತು

ಹೋದ ತಿಂಗಳು ಟಿ. ನರಸೀಪುರದಲ್ಲಿ ಒಂದು ಹಳೇ ಮನೆಯ ನೀರಿನ ಲೈನು ಕೀಳುತ್ತಿದ್ದೆ. ಗೋಡೆಯೊಳಗೆ ಹುಗಿದಿದ್ದ ಕಬ್ಬಿಣದ ಪೈಪು, ನಲವತ್ತು ವರ್ಷದ್ದಾದರೂ ಇರಬೇಕು. ರೆಂಚಿಗೆ ಮೈಭಾರ ಕೊಟ್ಟು ಜಾಯಿಂಟು ಬಿಚ್ಚಿದಾಗ ಒಳಗಿನಿಂದ ಒಣಗಿದ ನಾರು, ನೀರು ಒಸರದಂತೆ ಅದಕ್ಕೆ ಮೆತ್ತಿದ್ದ ಬಿಳೀ ಸಫೇದ ಪುಡಿಪುಡಿಯಾಗಿ ಉದುರಿತು. ಎತ್ತಿ ಮೂಗಿನ ಹತ್ತಿರ ಹಿಡಿದೆ. ಅಗಸೆ ಎಣ್ಣೆ, ತುಕ್ಕು, ಒದ್ದೆ ಮಣ್ಣು ಮೂರೂ ಬೆರೆತ ವಾಸನೆ. ಈಗ ಎಲ್ಲ ಪ್ಲಾಸ್ಟಿಕ್ಕು, ಅಂಟು ಸವರಿ ಒತ್ತಿದರೆ ಮುಗಿಯಿತು. ನಾರು ಸುತ್ತಿ ಸಫೇದ ಹಚ್ಚಿ ಜಾಯಿಂಟು ಕಟ್ಟುವವರು ಯಾರಿದ್ದಾರೆ ಈಗ... ಆ ವಾಸನೆ ಒಳಗೆ ಹೋದದ್ದೇ ತಡ, ನಮ್ಮೂರ ನೀರುಗಂಟಿ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು, "ಅಷ್ಟು ಬಿಗೀಬ್ಯಾಡ ಕಣ್ಲಾ, ಅದ್ಕೂ ಉಸ್ರು ಬೇಕು" ಅಂದ ಹಾಗಾಯಿತು.

ನಮ್ಮೂರು ಅಂದೆ. ಹುಟ್ಟಿದ್ದು ಹದಿನಾರು ಎಂಬ ಊರಿನ ಹತ್ತಿರದ ಒಂದು ಹಳ್ಳಿಯಲ್ಲಾದರೂ ನಾನು ಕೆಲಸಗಾರನಾದದ್ದು ಆ ಊರಿನಲ್ಲಿ. ಅದರ ಹೆಸರು ಬರೆಯುವುದಿಲ್ಲ. ಈ ಕತೆಯಲ್ಲಿ ಬರುವ ಕೆಲವರು ಇನ್ನೂ ಅಲ್ಲಿ ಓಡಾಡಿಕೊಂಡಿದ್ದಾರೆ. ನಂಜನಗೂಡಿಗೂ ನರಸೀಪುರಕ್ಕೂ ನಡುವೆ, ಮೈಸೂರಿನ ಮಗ್ಗುಲಲ್ಲಿ ಇರುವ ಒಂದು ಸಣ್ಣ ಪುರಸಭೆ ಅಂದರೆ ಸಾಕು. ಅತ್ತ ಪೇಟೆಯೂ ಅಲ್ಲ, ಇತ್ತ ಹಳ್ಳಿಯೂ ಅಲ್ಲ. ಬೆಳಿಗ್ಗೆ ಏಳರ ಮೈಸೂರು ಬಸ್ಸಿಗೆ ಇಸ್ತ್ರಿ ಷರಟು ಹಾಕಿಕೊಂಡು, ಊಟದ ಡಬ್ಬಿ ಹಿಡಿದು ನಿಂತವರ ಸಾಲು. ಅವರ ಹಿಂದೆಯೇ ಟಾರು ರಸ್ತೆಯ ಮೇಲೆ ಹುರುಳಿ ಹರಡಿ, ಬಸ್ಸಿನ ಚಕ್ರ ಹತ್ತಲಿ ಎಂದು ಕಾಯುತ್ತ ಕೂತ ಹೆಂಗಸರು. ಪುರಸಭೆಯ ಬೋರ್ಡಿನ ಕೆಳಗೆ ಯಾವಾಗಲೂ ಒಂದು ಹಸು ಕಟ್ಟಿರುತ್ತಿತ್ತು. ಅದು ಯಾರದ್ದೆಂದು ಆಫೀಸಿನವರಿಗೂ ಗೊತ್ತಿರಲಿಲ್ಲ. ಮೈಸೂರಿನವರು ನಮ್ಮನ್ನು ಹಳ್ಳಿ ಗಮಾರರೆನ್ನುತ್ತಿದ್ದರು, ಸುತ್ತಲ ಹಳ್ಳಿಯವರು ಪ್ಯಾಟೆಯೋರು ಎನ್ನುತ್ತಿದ್ದರು. ಎರಡಕ್ಕೂ ನಾವು ಬೀಗುತ್ತಿದ್ದೆವು.

ಅಂಥ ಊರಿಗೆ ನೀರು ಬಿಡುವ ಕೆಲಸ ಆ ನೀರುಗಂಟಿಯದು. ಹಳ್ಳಿಯಲ್ಲಿ ಕೆರೆಯ ತೂಬು ಎತ್ತಿ ಗದ್ದೆಗಳಿಗೆ ನೀರು ಹಂಚುವವನನ್ನು ನೀರುಗಂಟಿ ಅನ್ನುತ್ತಾರಲ್ಲ, ಊರು ಪುರಸಭೆಯಾದ ಮೇಲೂ ಆ ಹೆಸರು ಹಾಗೇ ಉಳಿಯಿತು. ತೂಬಿನ ಬದಲು ವಾಲ್ವು ಬಂತು, ಅಷ್ಟೆ. ಕಪಿಲೆಯಿಂದ ಪಂಪಾಗಿ ಬಂದ ನೀರು ದೊಡ್ಡ ಟ್ಯಾಂಕಿಗೆ ಏರುತ್ತಿತ್ತು. ಅಲ್ಲಿಂದ ಬೀದಿಬೀದಿಗೆ ಪೈಪು, ಪ್ರತಿ ಬೀದಿಯ ತಲೆಯಲ್ಲಿ ಚಪ್ಪಡಿ ಕಲ್ಲಿನ ಕೆಳಗೆ ಒಂದು ವಾಲ್ವು. ಎದೆಮಟ್ಟದ ಕಬ್ಬಿಣದ ಕೀಲಿಯನ್ನು ಸೈಕಲ್ಲಿಗೆ ಉದ್ದಕ್ಕೆ ಕಟ್ಟಿಕೊಂಡು ಅವರು ಬೆಳಕು ಹರಿಯುತ್ತಲೇ ಹೊರಡುತ್ತಿದ್ದರು. ಕಲ್ಲು ಸರಿಸಿ, ಕೀಲಿ ಇಳಿಸಿ, ಬಾಯೊಳಗೇ ಎಣಿಸುತ್ತ ತಿರುಗಿಸುತ್ತಿದ್ದರು. ಇಷ್ಟು ಸುತ್ತು ಈ ಬೀದಿಗೆ, ಅಷ್ಟು ಸುತ್ತು ಆ ಬೀದಿಗೆ. ಯಾವ ಕಾಗದದಲ್ಲೂ ಅದು ಇರಲಿಲ್ಲ. ಊರಿನ ನೆಲದಡಿಯ ನಕ್ಷೆ ಇದ್ದದ್ದು ಅವರ ತಲೆಯೊಳಗೆ ಮಾತ್ರ.

ನಾನು ಅವರನ್ನು ಕಂಡದ್ದು ಒಂದು ತಪ್ಪಿನ ಮೂಲಕ. ತೊಂಬತ್ತರ ದಶಕದ ನಡುವಿನ ಮಾತು. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು, ಅಷ್ಟು ಹೊತ್ತಿಗೆ ಸ್ವಂತ ಕೈಚೀಲ, ಸ್ವಂತ ಡೈಸೆಟ್ಟು ಇಟ್ಟುಕೊಂಡ ಪ್ಲಂಬರು. ಪೈಪಿನ ತುದಿಗೆ ಮರೆ, ಅಂದರೆ ತಿರುಪಿನ ಗೆರೆ, ಹಾಕುವುದರಲ್ಲಿ ನನಗೆ ಸಮ ಇಲ್ಲ ಎಂಬ ಜಂಬ ಬೇರೆ. ಒಂದು ಮನೆಗೆ ಹೊಸ ಕನೆಕ್ಷನ್ನು ಕೊಡಲು ರಸ್ತೆ ಅಗೆದೆ. ಪೈಪು ಆ ಕಡೆ ಇದೆ ಎಂದು ಯಾರೋ ಹೇಳಿದರು, ನನಗೆ ಈ ಕಡೆ ಎಂದು ತೋರಿತು. ಹಾರೆ ಎತ್ತಿ ಹಾಕಿದೆ. ಮೇನ್ ಲೈನೇ ಒಡೆದು ನೀರು ಆಳೆತ್ತರ ಚಿಮ್ಮಿತು. ಬೀದಿಯ ಜನವೆಲ್ಲ ನೆರೆಯಿತು. ಅಷ್ಟರಲ್ಲಿ ನೀರುಗಂಟಿ ಬಂದರು. ಸೈಕಲ್ಲು ಒರಗಿಸಿ, ವಾಲ್ವು ಮುಚ್ಚಿ, ಕೆಸರಲ್ಲಿ ನಿಂತಿದ್ದ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಒಂದೇ ಏಟ್ಗೆ ಊರ್ಗೆಲ್ಲ ನೀರು ಬುಟ್ಬುಟ್ಟಲ್ಲೋ! ಮೂವತ್ತು ವರ್ಸದಿಂದ ನಂಗೇ ಆಗಿರ್ನಿಲ್ಲ" ಎಂದರು.

ಸುತ್ತ ನಿಂತವರೆಲ್ಲ ನಕ್ಕರು. ನನಗೆ ಮೈ ಉರಿಯಿತು. ಆದರೆ ಅವರು ಪಂಚೆ ಎತ್ತಿ ಕಟ್ಟಿ ಗುಂಡಿಗೆ ಇಳಿದರು, ಇಬ್ಬರೂ ಸೇರಿ ಮಧ್ಯಾಹ್ನದ ಹೊತ್ತಿಗೆ ಪೈಪು ಕಟ್ಟಿದೆವು. ಆಫೀಸಿಗೆ ದೂರು ಕೊಡಲಿಲ್ಲ. ಅಂದಿನಿಂದ ಅವರನ್ನು ಮಾವ ಎಂದು ಕರೆಯತೊಡಗಿದೆ. ಸಂಬಂಧವೇನೂ ಇರಲಿಲ್ಲ, ಬಾಯಿಗೆ ಹಾಗೇ ಬಂತು.

ಆಮೇಲೆ ಏಳೆಂಟು ವರ್ಷ, ನನ್ನ ಕೆಲಸವಿಲ್ಲದ ಬೆಳಗುಗಳಲ್ಲಿ ಅವರ ಜೊತೆ ಸುತ್ತಿದೆ. ಊರಿನ ಚರಿತ್ರೆಯನ್ನು ನಾನು ಓದಿದ್ದು ಹಾಗೆ, ಪೈಪಿನ ಮೂಲಕ. ಪೇಟೆ ಬೀದಿಯಲ್ಲಿ ಅಗೆದರೆ ಕಪ್ಪು ಬೀಡು ಕಬ್ಬಿಣ ಸಿಗುತ್ತಿತ್ತು. "ಇದು ಮಾರಾಜ್ರ ಕಾಲುದ್ದು. ಆಗ ಊರು ಅಂದ್ರ ಈ ಬೀದಿ ಒಂದೇಯ. ನಾವೆಲ್ಲ ಊರಾಚೆ" ಎನ್ನುತ್ತಿದ್ದರು. ಸಂತೆಮಾಳದ ಕಡೆ ಸಿಮೆಂಟಿನ ಪೈಪು. ಅದು ಅಕ್ಕಿ ಗಿರಣಿಗಳು ಬಂದ ಕಾಲ. ಮೈಸೂರು ರಸ್ತೆಯ ಹೊಸ ಬಡಾವಣೆಯಲ್ಲಿ ಬೂದು ಬಣ್ಣದ ಪ್ಲಾಸ್ಟಿಕ್ಕು. ಮೈಸೂರಲ್ಲಿ ಸೈಟು ಕೊಳ್ಳಲಾಗದ ನೌಕರರು ಬಂದು ಮನೆ ಕಟ್ಟಿಕೊಂಡ ಕಾಲ. ಕೀಲಿಯ ತುದಿಯನ್ನು ವಾಲ್ವಿನ ಮೇಲೂರಿ, ಇನ್ನೊಂದು ತುದಿಗೆ ಕಿವಿಯಿಟ್ಟು, ನೀರು ಎಲ್ಲಿವರೆಗೆ ಹೋಗಿದೆ ಎಂದು ಹೇಳುತ್ತಿದ್ದರು. ನನಗೂ ಕಲಿಸಿದರು. ಮೊದಮೊದಲು ನನ್ನ ಎದೆಬಡಿತವೇ ಕೇಳುತ್ತಿತ್ತು. ಒಂದು ದಿನ ದೂರದಲ್ಲಿ ಯಾರೋ ಪಿಸುಗುಟ್ಟಿದಂತೆ ನೀರು ತಿರುವು ದಾಟುವುದು ಕೇಳಿಸಿತು. "ಈಗ ನೀನು ಪಾಸು" ಎಂದರು. ನನ್ನ ಜೀವನದಲ್ಲಿ ನನಗೆ ಆ ಮಾತು ಹೇಳಿದವರು ಅವರೊಬ್ಬರೇ...

ಊರಿನ ಕೊನೆಗೆ ದಿಣ್ಣೆ ಬೀದಿ. ಹಿಂದೆ ಅದು ಬೇರೆಯೇ ಹಳ್ಳಿ, ನಡುವೆ ಗದ್ದೆ ಇತ್ತಂತೆ. ಪುರಸಭೆಯ ಗಡಿ ಬೆಳೆದು ಅದನ್ನು ನುಂಗಿತು. ಕೂಲಿಯವರು, ಗಾರೆ ಕೆಲಸದವರು, ಇಟ್ಟಿಗೆ ಗೂಡಿನವರು. ಗೋಡೆಯ ಮೇಲೆ ಬುದ್ಧನ ಪಟ ಇಟ್ಟುಕೊಂಡ ಮನೆಗಳು ಕೆಲವು, ಮಾದಪ್ಪನ ಪಟ ಇಟ್ಟುಕೊಂಡವು ಕೆಲವು. ಗಡಿಯೊಳಗೆ ಸೇರಿಸಿಕೊಂಡ ಮೇಲೆ ವಾರ್ಡು ನಂಬರು ಸಿಕ್ಕಿತು, ದೀಪದ ಕಂಬ ಬಂತು, ಬೀದಿಗೆ ನಾಲ್ಕು ನಲ್ಲಿ ಹಾಕಿದರು. ಆದರೆ ಎತ್ತರದ ಜಾಗ, ಪೈಪಿನ ಬಾಲ. ಟ್ಯಾಂಕಿನ ನೀರು ಅಲ್ಲಿಗೆ ಏರುವುದಿಲ್ಲ ಎಂದು ಬಂದ ಎಂಜಿನಿಯರೆಲ್ಲ ಹೇಳಿ ಹೋಗಿದ್ದರು. ಆದರೂ ಏರುತ್ತಿತ್ತು! ದಿನಾ ಬೆಳಿಗ್ಗೆ ಒಂದೂವರೆ ಗಂಟೆ, ಹೆಬ್ಬೆರಳ ಗಾತ್ರಕ್ಕೆ ಬರುತ್ತಿತ್ತು.

"ಅದೆಂಗೆ ಮಾವ ಹತ್ತುತ್ತೆ?" ಎಂದು ಕೇಳಿದ್ದೆ.

"ಹತ್ತುಸುದ್ರ ಹತ್ತುತ್ತದ" ಎಂದು ಮಾತು ಮುಗಿಸಿದರು. ಸ್ವಲ್ಪ ದೂರ ಸೈಕಲ್ಲು ತಳ್ಳಿದ ಮೇಲೆ ತಾವಾಗಿಯೇ ಹೇಳಿದರು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಬೇಸಿಗೆ ಮಧ್ಯಾಹ್ನ ದಿಣ್ಣೆ ಬೀದಿಯ ಒಂದು ಮನೆ ಮುಂದೆ ನಿಂತು ಕುಡಿಯಲು ನೀರು ಕೇಳಿದರಂತೆ. ಆ ಹೆಂಗಸು ಒಳಗೆ ಹೋದವಳು ಎಷ್ಟು ಹೊತ್ತಾದರೂ ಬರಲಿಲ್ಲ. ಕೊನೆಗೆ ಹಿತ್ತಿಲ ಕಡೆಯಿಂದ ಏದುಸಿರು ಬಿಡುತ್ತ ಬಂದು ಚೊಂಬು ಕೊಟ್ಟಳು. ಗದ್ದೆ ಬಾವಿಗೆ ಹೋಗಿ ಸೇದಿ ತಂದಿದ್ದಳು. "ಊರ್ಗೆಲ್ಲ ನೀರು ಬುಡೋನು ನಾನು. ಅವ್ಳು ನಂಗೆ ನೀರು ಕೊಡಕ್ಕ ಮೈಲಿ ನಡ್ದಿದ್ಲು ಕಣ್ಲಾ. ಗಂಟ್ಲಲ್ಲಿ ಇಳೀನಿಲ್ಲ" ಎಂದರು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಪೇಟೆ ಬೀದಿಯಲ್ಲಿ ಒಂದು ಮದುವೆ ಛತ್ರ ಎದ್ದಿತು. ಛತ್ರದ ಯಜಮಾನರು ಪುರಸಭೆಯ ಮೆಂಬರೂ ಆಗಿದ್ದರು. ಅಲ್ಲಿಯ ಪೈಪಿನ ಕೆಲಸವೆಲ್ಲ ನನ್ನದು. ನನ್ನ ಕೈಯಿಂದ ಅಷ್ಟು ದೊಡ್ಡ ಕೆಲಸ ಆಗಿದ್ದು ಅದೇ ಮೊದಲು. ಒಂದು ಜಾಯಿಂಟಿನಲ್ಲೂ ಒಂದು ತೊಟ್ಟು ಒಸರಲಿಲ್ಲ. ಆದರೆ ಆ ಬೇಸಿಗೆಯ ಒಂದು ದೊಡ್ಡ ಮದುವೆಯಲ್ಲಿ, ಎರಡನೇ ಪಂಕ್ತಿ ಕೂತಾಗ ನಲ್ಲಿಯಲ್ಲಿ ನೀರು ಸಣ್ಣಗಾಯಿತು. ಕೈ ತೊಳೆಯಲು ಟ್ಯಾಂಕರು ತರಿಸಬೇಕಾಯಿತು. ಮರುದಿನ ಬೆಳಿಗ್ಗೆ ಯಜಮಾನರು ಎಂಜಿನಿಯರನ್ನು, ನೀರುಗಂಟಿಯನ್ನು, ನನ್ನನ್ನು ವಾಲ್ವಿನ ಹತ್ತಿರವೇ ಕರೆಸಿದರು. ಪೇಟೆ ಬೀದಿಯ ಅರ್ಧ ಅಂಗಡಿಯವರು ಅಲ್ಲಿ ಸೇರಿದ್ದರು.

"ಪೈಪು ಹಾಕ್ದೋನು ಇವ್ನೇ" ಎಂದರು ಯಜಮಾನರು. "ಏನಯ್ಯಾ, ಸಣ್ಣ ಪೈಪು ಹಾಕಿ ನಮ್ಗೆ ದೊಡ್ಡ ನಾಮ ಹಾಕ್ದಾ?"

"ಎರಡಿಂಚಿನ ಪೈಪು ಯಜಮಾನ್ರೇ. ಅಳ್ದು ನೋಡಿ" ಎಂದೆ.

ಎಂಜಿನಿಯರು ನನ್ನ ಕಡೆ ತಿರುಗಿದರು. ಹೊಸಬರು, ಮೈಸೂರಿನಿಂದ ದಿನಾ ಬಂದು ಹೋಗುತ್ತಿದ್ದರು. "ಅಷ್ಟೊಂದು ಬೆಂಡ್ ಹಾಕಿದ್ರೆ ಪ್ರೆಷರ್ ಎಲ್ಲಿ ಉಳಿಯುತ್ತೆ? ಎಷ್ಟರವರೆಗೆ ಓದಿದ್ದೀರಿ ನೀವು?"

"ಏಳನೇ ಕ್ಲಾಸು ಸಾ."

"ಪಾಸೋ ಫೇಲೋ?" ಎಂದು ಹಿಂದಿನಿಂದ ಯಾರೋ ಕೂಗಿದರು. ನಗು ಎದ್ದಿತು.

ಮಾವ ಆ ನಗುವಿನಲ್ಲಿ ಸೇರಲಿಲ್ಲ. ಕಲ್ಲು ಸರಿಸಿ, ಕೀಲಿ ಇಳಿಸಿ, ವಾಲ್ವನ್ನು ಪೂರಾ ಮುಚ್ಚಿ, ಮತ್ತೆ ಎಲ್ಲರ ಮುಂದೆ ತೆರೆದರು. ಎಂಟು ಸುತ್ತಿಗೆ ನಿಲ್ಲಿಸಿ, "ಫುಲ್ಲು ಸಾ" ಎಂದರು.

"ನೋಡಿ, ವಾಲ್ವ್ ಫುಲ್ ಓಪನ್ ಇದೆ. ತಪ್ಪು ಛತ್ರದ ಒಳಗಿನ ಕೆಲಸದ್ದೇ" ಎಂದರು ಎಂಜಿನಿಯರು.

ಹದಿನೈದು ದಿನದ ಹಿಂದೆಯಷ್ಟೇ ನಾನೂ ಮಾವನೂ ಸೇರಿ ಸಂತೆಮಾಳದಲ್ಲಿ ಒಂದು ವಾಲ್ವು ಬದಲಾಯಿಸಿದ್ದೆವು. ಇದರದೇ ಜೋಡಿ, ಅದೇ ಅಚ್ಚು, ಅದೇ ಗಾತ್ರ. ಅದಕ್ಕೆ ಹದಿಮೂರು ಸುತ್ತು. ನಾನೇ ಎಣಿಸಿದ್ದೆ. ಹಾಗಾದರೆ ಇಲ್ಲಿ ಐದು ಸುತ್ತು ಎಲ್ಲಿ ಹೋಯಿತು? ಎಲ್ಲಿ ಹೋಯಿತೆಂದು ಅಲ್ಲೇ, ಆ ಕ್ಷಣವೇ ನನಗೆ ಹೊಳೆಯಿತು. ಗೊತ್ತಿರಲಿಲ್ಲ ಎಂದು ಈಗ ಬರೆದರೆ ಸುಳ್ಳಾಗುತ್ತದೆ. ಪೇಟೆ ಬೀದಿಯನ್ನು ಐದು ಸುತ್ತು ಹಿಡಿದಿಟ್ಟರೆ ಆ ಒತ್ತಡಕ್ಕೆ ನೀರು ದಿಣ್ಣೆ ಹತ್ತುತ್ತದೆ. ಅಷ್ಟು ವರ್ಷದಿಂದ ಹಾಗೇ ಹತ್ತಿತ್ತು. ಮಾವ ನನ್ನ ಕಡೆ ನೋಡಲಿಲ್ಲ, ಕೀಲಿಯ ಬುಡವನ್ನೇ ನೋಡುತ್ತಿದ್ದರು. ಅವರಿಗೂ ಸಂತೆಮಾಳದ ವಾಲ್ವು ನೆನಪಿತ್ತು.

ಸುಮ್ಮನಿದ್ದರೆ ನನ್ನ ಕೆಲಸ ಕೆಟ್ಟದ್ದೆಂದು ಊರು ನಂಬುತ್ತಿತ್ತು. ನನಗೆ ಇದ್ದದ್ದು ಅದೊಂದೇ, ಕೆಲಸದ ಹೆಸರು. ಬೇರೆ ಸರ್ಟಿಫಿಕೇಟು ಇರಲಿಲ್ಲ.

"ಇದು ಫುಲ್ಲಲ್ಲ ಸಾ. ಇನ್ನೂ ಐದು ಸುತ್ತಿದೆ" ಎಂದೆ. ಮಾವನ ಕೈಯಿಂದ ಕೀಲಿ ತೆಗೆದುಕೊಂಡೆ. ಅವರು ಬಿಗಿ ಹಿಡಿಯಲಿಲ್ಲ. ಜೋರಾಗಿ ಎಣಿಸುತ್ತ ತಿರುಗಿಸಿದೆ. ಒಂಬತ್ತು, ಹತ್ತು, ಹನ್ನೊಂದು, ಹನ್ನೆರಡು, ಹದಿಮೂರು. ನೆಲದಡಿಯಲ್ಲಿ ನೀರು ಗುಡುಗಿತು. ಛತ್ರದ ಒಳಗಿನಿಂದ ಅಡುಗೆಯವನು, "ಬಂತು! ಹಂಡೆ ಒಡ್ದೋಗೋ ಅಂಗ ಬತ್ತಾ ಅದ!" ಎಂದು ಕೂಗಿದ. ಯಜಮಾನರು ಬೆನ್ನು ತಟ್ಟಿದರು. ಎಂಜಿನಿಯರ ಮುಖ ಸಣ್ಣಗಾಯಿತು. ಅದನ್ನು ನೋಡಿ ನನಗಾದ ಸಂತೋಷವನ್ನು ನಾನು ಇವತ್ತಿಗೂ ಮರೆತಿಲ್ಲ. ಅದೇ ನಾಚಿಕೆ.

ಮಾವ ಕಲ್ಲು ಮುಚ್ಚಿ ಎದ್ದರು. ನನ್ನ ಪಕ್ಕಕ್ಕೆ ಬಂದಾಗ, ನನಗಷ್ಟೇ ಕೇಳುವಂತೆ, "ಸರ್ಯಾಗೇ ಎಣಿಸ್ದ ಕಣ್ಲಾ" ಎಂದರು.

ಮಾರನೆಯ ದಿನ ದಿಣ್ಣೆ ಬೀದಿಯ ನಲ್ಲಿಗಳು ತೊಟ್ಟಿಕ್ಕಿದವು. ಅದರ ಮಾರನೆಯ ದಿನ ಅದೂ ಇಲ್ಲ. ನಾಲ್ಕನೆಯ ದಿನ ಹೆಂಗಸರು ಖಾಲಿ ಕೊಡ ಹಿಡಿದು ಆಫೀಸಿನ ಮುಂದೆ ಬಂದು ಕೂತರು. ಆಫೀಸಿನ ಒಳಗೆ ಬಾಗಿಲು ಹಾಕಿಕೊಂಡು ವಿಚಾರಣೆ ನಡೆದಾಗ ಮಾವ ಒಂದನ್ನೂ ಮುಚ್ಚಿಡಲಿಲ್ಲವಂತೆ. "ಹೂಂ ಸಾ, ನಾನೇ ಹಿಡ್ದಿದ್ದು. ಪ್ಯಾಟೆ ಬೀದಿಗೆ ಕಮ್ಮಿ ಏನೂ ಆಗಿರ್ನಿಲ್ಲ, ಆ ಬೀದಿಗೆ ಬ್ಯಾರೆ ದಾರಿ ಇರ್ನಿಲ್ಲ" ಎಂದರಂತೆ. ಅವರಿಂದ ಕೀಲಿ ಕಸಿದು, ನದಿ ದಂಡೆಯ ಪಂಪ್ ಶೆಡ್ಡು ಕಾಯಲು ಹಾಕಿದರು. ಕೀಲಿಯನ್ನು ಗುತ್ತಿಗೆಯ ಮೇಲೆ ಕೊಟ್ಟದ್ದು ಯಾರಿಗೆ ಗೊತ್ತೆ? ನನಗೆ.

ಒಪ್ಪಿಕೊಂಡೆ. ಒಳಗೊಳಗೇ ಒಂದು ಲೆಕ್ಕ ಹಾಕಿದ್ದೆ, ಕೀಲಿ ನನ್ನ ಕೈಗೆ ಬಂದರೆ ಆ ಐದು ಸುತ್ತನ್ನು ಮೆಲ್ಲಗೆ ವಾಪಸ್ಸು ಮುಚ್ಚಬಹುದು, ಯಾರಿಗೂ ತಿಳಿಯದ ಹಾಗೆ. ಮೊದಲ ದಿನ ಪೇಟೆ ಬೀದಿಯ ಕಲ್ಲು ಸರಿಸಿದಾಗ ಪಕ್ಕದಲ್ಲೇ ಛತ್ರದ ಲೆಕ್ಕ ಬರೆಯುವ ರೈಟರು ಸ್ಟೂಲು ಹಾಕಿಕೊಂಡು ಟೀ ಕುಡಿಯುತ್ತ ಕೂತಿದ್ದ.

"ಹದ್ಮೂರು ತಾನೇ ಅಣ್ಣಾ? ತಿರುಗ್ಸಿ, ನಾನೂ ಎಣಿಸ್ತೀನಿ" ಎಂದ.

ಮರುದಿನವೂ ಇದ್ದ. ಅವನಿಲ್ಲದ ದಿನ ಎಣ್ಣೆ ಅಂಗಡಿಯವರು ಎಣಿಸಿದರು. ಒಂದು ದಿನ ಎಂಟಕ್ಕೇ ನಿಲ್ಲಿಸಿ ನೋಡಿದೆ. "ಇನ್ನೈದು, ಇನ್ನೈದು!" ಎಂದು ಬೀದಿಗೆ ಬೀದಿಯೇ ಕೂಗಿತು. ಎಣಿಸುವುದನ್ನು ನಾನೇ ಅವರಿಗೆ ಕಲಿಸಿದ್ದೆನಲ್ಲ... ದಿಣ್ಣೆ ಬೀದಿಗೆ ಬೇರೆ ಹೊತ್ತು ಗೊತ್ತುಮಾಡಿ ಎಂದು ಆಫೀಸಿನಲ್ಲಿ ಕೇಳಿದೆ. ಅಷ್ಟು ಹೊತ್ತು ಪಂಪು ಓಡಿಸಲು ಕರೆಂಟು ಎಲ್ಲಿದೆ ಎಂದರು. ಮುಂದೆ ಆ ಬೀದಿಗೆ ಒಂದು ಬೋರು ಕೊರೆಸಿದರು. ಗಡಸು ನೀರು, ಬೇಳೆ ಬೇಯುತ್ತಿರಲಿಲ್ಲ. ಆರು ತಿಂಗಳಿಗೆ ಕೀಲಿಯನ್ನು ಆಫೀಸಿನ ಮೇಜಿನ ಮೇಲೆ ಇಟ್ಟು, ನರಸೀಪುರಕ್ಕೆ ಬಂದು ಅಂಗಡಿ ಹಾಕಿದೆ.

ಊರು ಬಿಡುವ ಮೊದಲು ಪಂಪ್ ಶೆಡ್ಡಿಗೆ ಹೋಗಿದ್ದೆ. ಕ್ಷಮಿಸು ಎನ್ನಲು ಹೋದವನು. ಮಾವ ಮೋಟರಿನ ಪಕ್ಕ ಗೋಣಿ ಹಾಸಿಕೊಂಡು ಕೂತಿದ್ದರು. ಆ ಸದ್ದಿನಲ್ಲಿ ಅವರಿಗೆ ಕಿವಿ ಮಂದವಾಗುತ್ತ ಬಂದಿತ್ತು. ಕೀಲಿಗೆ ಕಿವಿಯಿಟ್ಟು ಅರ್ಧ ಮೈಲಿಯಾಚೆಯ ನೀರು ಕೇಳುತ್ತಿದ್ದವರು... ನಾನು ಮಾತು ಎಲ್ಲಿಂದ ಶುರು ಮಾಡಲಿ ಎನ್ನುವುದರಲ್ಲಿ ಅವರೇ ಕೇಳಿದರು.

"ದಿಣ್ಣಗ ಎಷ್ಟು ಕೊಡ ಬತ್ತಾ ಅದ ಈಗ?"

"ಬತ್ತಾ ಅದೆ ಮಾವ. ಸುಮಾರಾಗಿ" ಎಂದು ಕಿರುಚಿ ಹೇಳಿದೆ.

ಅವರು ಹೊಳೆಯ ಕಡೆ ತಿರುಗಿದರು. "ನೀರಿನ್ ವಿಸ್ಯದಲ್ಲಿ ಸುಳ್ಳೇಳ್ಬ್ಯಾಡ" ಎಂದರು. ಆಮೇಲೆ ಉಂಡೆಯಾ ಎಂದು ಕೇಳಿ, ಡಬ್ಬಿಯ ಮುದ್ದೆಯಲ್ಲಿ ಅರ್ಧ ಮುರಿದು ಕೊಟ್ಟರು. ತಿಂದೆ. ಕ್ಷಮಿಸು ಎನ್ನುವ ಮಾತು ಅಂದೂ ಬರಲಿಲ್ಲ, ಮತ್ತೆರಡು ಸಲ ಹೋದಾಗಲೂ ಬರಲಿಲ್ಲ. ಅವರು ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ಸೋಸಲೆಯ ಒಂದು ಗದ್ದೆಯಲ್ಲಿ ಮೋಟರು ಕೂರಿಸುತ್ತಿದ್ದಾಗ, ಮೂರು ದಿನ ತಡವಾಗಿ.

ಹೋದ ತಿಂಗಳು ಆ ಹಳೇ ಮನೆಯ ಲೈನು ಕಿತ್ತ ಮಾರನೆಯ ದಿನವೇ ಬಸ್ಸು ಹತ್ತಿ ಆ ಊರಿಗೆ ಹೋದೆ. ಪುರಸಭೆಗೆ ಹೊಸ ಕಟ್ಟಡ ಬಂದಿದೆ, ಹಸು ಕಟ್ಟುತ್ತಿದ್ದ ಜಾಗದಲ್ಲಿ ಕಾರುಗಳು ನಿಲ್ಲುತ್ತವೆ. ಮೈಸೂರು ಇನ್ನೂ ಹತ್ತಿರ ಸರಿದಿದೆ. ಹೊಸ ಯೋಜನೆಯಲ್ಲಿ ಪೈಪುಗಳೆಲ್ಲ ಬದಲಾಗಿವೆ. ದಿಣ್ಣೆಯ ಮೇಲೇ ಒಂದು ಟ್ಯಾಂಕು ನಿಂತಿದೆ, ಮನೆಮನೆಗೆ ನಲ್ಲಿ. ಒಳ್ಳೆಯದಾಯಿತು ಎಂದು ಮನಸಾರೆ ಅಂದುಕೊಂಡೆ. ಆದರೂ ಮೊದಲು ಅಲ್ಲಿಗೆ ನೀರು ಹತ್ತಿಸಿದವರು ಯಾರೆಂದು ಒಬ್ಬರಿಗಾದರೂ ಹೇಳಬೇಕು ಅನಿಸಿತ್ತು. ಒಂದು ಮನೆಯ ಮುಂದೆ ಮುದುಕಿಯೊಬ್ಬಳು ಕೂತು ಸೊಪ್ಪು ಸೋಸುತ್ತಿದ್ದಳು. ಹಿಂದೆ ಇಲ್ಲಿಗೆ ನೀರು ಬಿಡುತ್ತಿದ್ದವರೊಬ್ಬರು ಇದ್ದರಲ್ಲ, ನೆನಪಿದೆಯಾ ಅಜ್ಜಿ ಎಂದು ಕೇಳಿದೆ.

"ಯಾರೂ ಬುಡ್ತಾ ಇರ್ನಿಲ್ಲ ಕಣಪ್ಪ" ಎಂದಳು. "ಆಗ ಅದಾಗದೇ ಬತ್ತಿತ್ತು. ಆಮ್ಯಾಕೆ ಅದಾಗದೇ ನಿಂತೋಯ್ತು."

"ಅದಾಗದೇ ನಿಲ್ಲಲಿಲ್ಲ ಅಜ್ಜಿ. ನಿಲ್ಸಿದ್ದು ನಾನು."

ಅವಳು ಕೈಯಲ್ಲಿದ್ದ ಸೊಪ್ಪು ಬಿಟ್ಟು ನನ್ನ ಮುಖ ನೋಡಿದಳು. ಆಮೇಲೆ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು.

"ಅಯ್ಯ, ನೀರು ನಿಲ್ಸಕ್ಕ ನೀನೇನು ಇಂದ್ರನಾ? ಬಿಸ್ಲಲ್ಲಿ ನಿಂತ್ಕಂಡು ಏನೇನೋ ಆಡ್ಬ್ಯಾಡ. ಓಗು, ನೆಳ್ಳಿಗ್ ಓಗು."

ದಿಣ್ಣೆ ಇಳಿದು ಬಂದೆ. ಮಾವ ತಮ್ಮ ಗುಟ್ಟನ್ನು ಎಷ್ಟು ಭದ್ರವಾಗಿ ಇಟ್ಟಿದ್ದರೆಂದರೆ, ಆ ನೀರು ಕುಡಿದವರಿಗೇ ಅದು ತಿಳಿದಿರಲಿಲ್ಲ. ಅದನ್ನು ಒಡೆದವನನ್ನು ಬಯ್ಯುವವರೂ ಅಲ್ಲಿ ಯಾರೂ ಇಲ್ಲ. ಬಯ್ಯಬೇಕಾಗಿದ್ದವರು ಒಬ್ಬರೇ ಇದ್ದರು. ಅರ್ಧ ಮುದ್ದೆ ಮುರಿದು ಕೊಟ್ಟು, ಬಯ್ಯದೆಯೇ ಹೋದರು.